ಸ್ವಂತದ್ದೆಷ್ಟು, ಕೈಗಡವೆಷ್ಟು?



ಗಡಹಿಂಗ್ಲಜದ ನಮ್ಮ ಪರಿಚಯದ ಮನೆಯೊಂದರ ಸಂಗತಿಯಿದು. ಆ ಮನೆಯ ಮಗಳು ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಬಟ್ಟೆಯ ನಮೂನೆಗಳನ್ನು ಗಣಕಯಂತ್ರದಲ್ಲಿ ರಚಿಸುವ ಕೆಲಸ ಕಲಿಯುತ್ತಿದ್ದಾಳೆ. ಅವಳಿಗಾಗಿ ತಂದೆಯವರು ಕೊಲ್ಲಾಪುರದ ಅಂಗಡಿಯೊಂದರಿಂದ ಲ್ಯಾಪ್‌ಟಾಪ್ ತಂದರು. ‘ಗ್ರಾಫಿಕ್ಸ್ ಮೆಮರಿ 12 ಜಿಬಿ’ ಎಂದು ಅಂಗಡಿಯವರು ತೆರೆಯ ಮೇಲಿನ ಅಂಕಿಯನ್ನೇ ತೋರಿಸಿದ್ದರು. ಆದರೆ ಉಟ್ಟ ಸೀರೆಯ ನೆರಿಗೆ ಹೇಗೆ ಕಾಣುವುದೆಂದು ಮೂರು ಆಯಾಮಗಳಲ್ಲಿ ನೋಡಹೊರಟಾಗ ಯಂತ್ರವು ತಡವರಿಸಿತು. ತೋರಿಸಿದ ಅಂಕಿ ಸುಳ್ಳಾಗಿತ್ತೇ? ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಮ್ಮ ಹಿರಿಯರ ಲೆಕ್ಕದಲ್ಲಿ ಸ್ವಂತ ಹಗೇವಿನ ಜೋಳ ಬೇರೆ, ನೆರೆಮನೆಯಿಂದ ಕೈಗಡ ತರಬಹುದಾದ ಜೋಳ ಬೇರೆ. ಎರಡನ್ನೂ ಕೂಡಿಸಿ ‘ನಮ್ಮಲ್ಲಿ ಇಷ್ಟು ಚೀಲ ಉಂಟು’ ಎಂದು ಯಾರೂ ಹೇಳುತ್ತಿರಲಿಲ್ಲ. ಗಣಕಯಂತ್ರವು ಹೇಳುತ್ತದೆ! ಆ ಲ್ಯಾಪ್‌ಟಾಪಿನ ಕಾರ್ಡಿಗೆ ಸ್ವಂತದ್ದಿರುವುದು 4 ಜಿಬಿ. ಯಂತ್ರದ ಸಾಮಾನ್ಯ ಮೆಮರಿ, ಅಂದರೆ ರ‍್ಯಾಮ್, 16 ಜಿಬಿ. ವಿಂಡೋಸ್ ವ್ಯವಸ್ಥೆಯು ರ‍್ಯಾಮಿನ ಸುಮಾರು ಅರ್ಧವನ್ನು ಬೇಕಾದರೆ ಗ್ರಾಫಿಕ್ಸಿಗೆ ಕೊಡಲು ಒಪ್ಪುತ್ತದೆ. ನಾಲ್ಕಕ್ಕೆ ಎಂಟು ಕೂಡಿ ಹನ್ನೆರಡಾಯಿತು.

ಈ ಕೈಗಡವು ವೇಗದಲ್ಲಿಯೂ ಸ್ವಂತದ್ದಕ್ಕೆ ಸಮನಲ್ಲ. ಆರ್‌ಟಿಎಕ್ಸ್ 3050 ಎಂಬ ಲ್ಯಾಪ್‌ಟಾಪ್ ಕಾರ್ಡಿನ 4 ಜಿಬಿ ಮಾದರಿಯನ್ನು ನೋಡಿರಿ. ಅದು ತನ್ನ ಮೆಮರಿಯಿಂದ ಸೆಕೆಂಡಿಗೆ 192 ಜಿಬಿಯವರೆಗೆ ಎಳೆದುಕೊಳ್ಳಬಲ್ಲದು. ರ‍್ಯಾಮಿನಿಂದ ತರುವ ದಾರಿಯಲ್ಲಿ ಸಾಗುವುದು ಸುಮಾರು 16 ಜಿಬಿ ಮಾತ್ರ. 2023ರಲ್ಲಿ ಇದೇ ಹೆಸರಿನಲ್ಲಿ 6 ಜಿಬಿಯ ಮಾದರಿಯೂ ಬಂದಿತು. ಆದುದರಿಂದ ಹೆಸರೊಂದನ್ನೇ ನಂಬಿಯೂ ಪ್ರಯೋಜನವಿಲ್ಲ.

ನಿಜವನ್ನು ತಿಳಿಯುವುದು ಕಷ್ಟವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ‘ಜಿಪಿಯು’ ಎಂಬುದನ್ನು ಆರಿಸಿರಿ. ಎರಡು ಜಿಪಿಯು ಕಂಡರೆ ಕಾರ್ಡಿನ ಹೆಸರುಳ್ಳದ್ದನ್ನು ನೋಡಿರಿ. ಮತ್ತೊಂದು ಪ್ರೊಸೆಸರಿನೊಳಗೇ ಇರುವಂಥದು. ಕೆಳಗೆ ‘ಡೆಡಿಕೇಟೆಡ್’ ಎಂದಿರುವ ಸಾಲಿನ ಕೊನೆಯ ಅಂಕಿಯೇ ಸ್ವಂತದ್ದು. ‘ಶೇರ್ಡ್’ ಎಂಬುದು ಕೈಗಡ. ಬರಿದೇ ‘ಜಿಪಿಯು ಮೆಮರಿ’ ಎಂದಿರುವುದು ಎರಡರ ಮೊತ್ತ.

ತಂದೆಯವರು ಮರಳಿ ಅಂಗಡಿಗೆ ಹೋದಾಗ, ಇನ್ನೂ 16 ಜಿಬಿ ರ‍್ಯಾಮ್ ಹಾಕಿಸಿದರೆ ಸರಿಹೋಗುವುದೆಂಬ ಸಲಹೆ ಬಂದಿತಂತೆ. ಹಾಕಿಸಿದ್ದರೆ ಕೈಗಡವು 16 ಆಗಿ, ತೆರೆಯ ಮೇಲೆ 20 ಜಿಬಿ ಎಂದು ಕಾಣುತ್ತಿತ್ತು; ಕಾರ್ಡಿನ ಸ್ವಂತದ್ದು ಮಾತ್ರ ನಾಲ್ಕೇ ಉಳಿಯುತ್ತಿತ್ತು. ರ‍್ಯಾಮಿನಿಂದ ಬೇರೆ ಕೆಲಸಗಳಿಗೆ ಉಪಯೋಗವುಂಟು, ಅಲ್ಲವೆನ್ನುವುದಿಲ್ಲ. ಆದರೆ ಕಾರ್ಡಿನ ಮೆಮರಿಯನ್ನು ಕಾರ್ಖಾನೆಯಲ್ಲಿಯೇ ಬೆಸೆದಿರುತ್ತಾರೆ. ಅದನ್ನು ಅಂಗಡಿಯಲ್ಲಿ ಬೆಳೆಸಲಾಗದು.

ಇಂಥ ಲೆಕ್ಕದಲ್ಲಿ ಎಡವಿದವರು ನಾವು ಮಾತ್ರವಲ್ಲ. 2014ರಲ್ಲಿ ಬಂದ ಜಿಟಿಎಕ್ಸ್ 970 ಎಂಬ ಮೇಜಿನ ಗಣಕದ ಕಾರ್ಡಿನಲ್ಲಿ 4 ಜಿಬಿಯ ಪೈಕಿ ಕೊನೆಯ ಅರ್ಧ ಜಿಬಿ ಬಹಳ ನಿಧಾನವಾದುದೆಂದು 2015ರಲ್ಲಿ ಬಯಲಾಯಿತು. ಅಮೆರಿಕದ ಗ್ರಾಹಕರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಕಾರ್ಡಿಗೆ 30 ಡಾಲರುಗಳಂತೆ ಪರಿಹಾರ ಕೊಡಲು ಕಂಪನಿಯು ಒಪ್ಪಿತು.

ಗಡಹಿಂಗ್ಲಜದ ಮನೆಯವರು ರ‍್ಯಾಮಿನ ಹಣವನ್ನು ಉಳಿಸಿಕೊಂಡರು. ಮಗಳು ಚಿತ್ರಗಳ ಗಾತ್ರವನ್ನು ತಗ್ಗಿಸಿ, ಬೇಡದ ಕಾರ್ಯಕ್ರಮಗಳನ್ನು ಮುಚ್ಚಿ, ನಾಲ್ಕು ಜಿಬಿಯೊಳಗೇ ಕೆಲಸವನ್ನು ಹೊಂದಿಸಿಕೊಂಡಿದ್ದಾಳೆ. ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ತಾಯಿತಂದೆಗಳೇ, ಅಂಗಡಿಯಲ್ಲಿ ಮರಾಠಿಯಲ್ಲಿ ಕೇಳಿರಿ, ಕನ್ನಡದಲ್ಲಿ ಕೇಳಿರಿ. ಹಣ ಎಣಿಸುವ ಮೊದಲು ಇದೊಂದನ್ನು ಕೇಳಿ, ಕಣ್ಣಾರೆ ಕಂಡುಕೊಳ್ಳಿರಿ: ‘ಇದರಲ್ಲಿ ಕಾರ್ಡಿನ ಸ್ವಂತದ್ದೆಷ್ಟು?’