ಸರಾಸರಿಯ ಹಿಂದೆ ಮರೆಯಾದ ಜಿಲ್ಲೆಗಳು

2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತು. ಈ ಸರಾಸರಿ ಬಹಳಷ್ಟನ್ನು ಮರೆಮಾಚುತ್ತದೆ. ಅದೇ ದಶಕದಲ್ಲಿ ಯಾದಗಿರಿ ಶೇ 22ಕ್ಕೂ ಮಿಗಿಲಾಗಿ ಬೆಳೆಯಿತು. ಕೊಡಗು ಶೇ 1ರ ಆಸುಪಾಸಿನಲ್ಲೇ ನಿಂತಿತು. ಚಿಕ್ಕಮಗಳೂರಿನಲ್ಲಿ ಜನಸಂಖ್ಯೆ ತುಸು ಇಳಿಯಿತು. ಬೆಂಗಳೂರಿನ ಏರಿಕೆಯನ್ನು ಇವುಗಳ ಸಾಲಿಗೆ ಸೇರಿಸಬಾರದು, ಅಲ್ಲಿ ವಲಸೆಯ ಪಾಲು ದೊಡ್ಡದು. ಯಾದಗಿರಿಯದು ಹಾಗಲ್ಲ. ದುಡಿಯುವ ಕೈಗಳು ಗುಳೆ ಹೋಗುತ್ತಲೇ ಇದ್ದರೂ ಅಲ್ಲಿ ಜನಸಂಖ್ಯೆ ಏರಿದ್ದು ಸಾವಿಗಿಂತ ಜನನ ಬಹಳ ಹೆಚ್ಚಿದ್ದರಿಂದ.

ಇದಕ್ಕಾಗಿ ಅಲ್ಲಿನ ಜನರನ್ನು ದೂರುವುದು ಅನ್ಯಾಯ. 2011ರಲ್ಲಿ ಯಾದಗಿರಿಯ ಮಹಿಳಾ ಸಾಕ್ಷರತೆ ಶೇ 41ರಷ್ಟಿದ್ದರೆ, ದಕ್ಷಿಣ ಕನ್ನಡದಲ್ಲಿ ಶೇ 84ರಷ್ಟಿತ್ತು. ಹೈಸ್ಕೂಲು ದೂರವಾದರೆ ಹುಡುಗಿ ಶಾಲೆ ಬಿಡುತ್ತಾಳೆ, ಬೇಗ ಮದುವೆಯಾಗುತ್ತದೆ, ಹೆರಿಗೆಗಳ ನಡುವೆ ಅಂತರವೂ ಉಳಿಯುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ, 1.7. ಆ ಒಂದೇ ಅಂಕಿ ಹಿಡಿದು ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕದ ಹೆರಿಗೆ ವಾರ್ಡುಗಳಿಗೆ ಹಾಸಿಗೆ ನಿಗದಿ ಮಾಡಲಾಗದು.

ಕೊಡಗು, ಚಿಕ್ಕಮಗಳೂರುಗಳಿರುವ ಮಲೆನಾಡಿನ ಚಿಂತೆ ಬೇರೆ: ಮಕ್ಕಳು ಕಡಿಮೆಯಾಗುತ್ತಿರುವ ಶಾಲೆಗಳು, ಮನೆಯಲ್ಲಿ ಒಂಟಿಯಾಗುತ್ತಿರುವ ಹಿರಿಯರು. ಅಲ್ಲಿನ ತಾಲ್ಲೂಕು ಆಸ್ಪತ್ರೆಗಳು ವೃದ್ಧರ ಆರೈಕೆಗೆ ಈಗಲೇ ಸಜ್ಜಾಗಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಮತ್ತು ತಾಯಿ–ಮಕ್ಕಳ ಆಸ್ಪತ್ರೆಗಳಿಗೆ ಮೊದಲ ಪಾಲು ಸಿಗಬೇಕು, ಸಮುದಾಯ ಭವನಗಳ ಸರದಿ ಆಮೇಲೆ. 2027ರ ಜನಗಣತಿಯ ಅಂಕಿಗಳಿಗಾಗಿ ಸರ್ಕಾರ ಕಾಯಬೇಕಿಲ್ಲ.