10 ತಿಂಗಳ ಅಡ್ವಾನ್ಸ್: ಬೆಂಗಳೂರಿನ ಒಂದು ರೂಮಿಗೆ ಆತಗೂರಿನ ಎಷ್ಟು ಟನ್ ಕಬ್ಬು?

ಮದ್ದೂರು: ಆತಗೂರು ಹೋಬಳಿಯ ಊರುಗಳಲ್ಲಿ ಮಗನಿಗೋ ಮಗಳಿಗೋ ಬೆಂಗಳೂರಲ್ಲಿ ಕೆಲಸ ಸಿಕ್ತು ಅಂದ ತಕ್ಷಣ ಮನೆಯವರಿಗೆ ಖುಷಿ. ಅದರ ಮರುದಿನವೇ ಇನ್ನೊಂದು ಚಿಂತೆ ಶುರುವಾಗುತ್ತೆ. ರೂಮಿನ ಅಡ್ವಾನ್ಸ್‌ಗೆ ದುಡ್ಡು ಎಲ್ಲಿಂದ ತರೋದು?

ಬೆಂಗಳೂರಿನಲ್ಲಿ ‘ಒನ್ ಆರ್‌ಕೆ’ ಅಂತ ಕರೆಯೋದು ಒಂದು ರೂಮು, ಮೂಲೆಯಲ್ಲಿ ಅಡುಗೆ ಕಟ್ಟೆ, ಒಂದು ಬಾತ್‌ರೂಮು. ಮಂಡ್ಯ ಕಡೆಯ ಜನ ಹೆಚ್ಚಿರೋ ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಡೆ ಇಂಥ ರೂಮುಗಳ ವಠಾರಗಳೇ ಇವೆ. ಒಂದೇ ಮಹಡಿಯಲ್ಲಿ ಮದ್ದೂರಿನವರು, ರಾಯಚೂರಿನವರು, ಬಿಹಾರ, ಒಡಿಶಾದವರು ಅಕ್ಕಪಕ್ಕ ಇರ್ತಾರೆ. ಭಾಷೆ ಬೇರೆ ಬೇರೆ, ಬೆಳಗ್ಗೆ ನೀರಿನ ಟ್ಯಾಂಕರ್‌ಗೆ ಕಾಯೋದು ಮಾತ್ರ ಎಲ್ಲರೂ ಒಟ್ಟಿಗೆ.

ಲೆಕ್ಕ ಹೀಗಿದೆ

ಉದಾಹರಣೆಗೆ ಬಾಡಿಗೆ ತಿಂಗಳಿಗೆ 8 ಸಾವಿರ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಹಳೇ ರೂಢಿಯಂತೆ 10 ತಿಂಗಳ ಅಡ್ವಾನ್ಸ್ ಅಂದ್ರೆ 80 ಸಾವಿರ. ಮೊದಲ ತಿಂಗಳ ಬಾಡಿಗೆ 8 ಸಾವಿರ, ಬ್ರೋಕರ್‌ಗೆ ಒಂದು ತಿಂಗಳದ್ದು ಇನ್ನೊಂದು 8 ಸಾವಿರ. ಕೀ ಕೈಗೆ ಬರೋ ಹೊತ್ತಿಗೆ 96 ಸಾವಿರ ಖರ್ಚು.

ಸಕ್ಕರೆ ಇಳುವರಿ ಶೇ 9.5ಕ್ಕಿಂತ ಹೆಚ್ಚಿಲ್ಲದ ಕಾರ್ಖಾನೆಗೆ ಕೇಂದ್ರ ಸರ್ಕಾರ 2025-26ನೇ ಸಾಲಿಗೆ ನಿಗದಿ ಮಾಡಿದ ಎಫ್‌ಆರ್‌ಪಿ ಟನ್ ಕಬ್ಬಿಗೆ ಸುಮಾರು 3,290 ರೂಪಾಯಿ. ಆ ಲೆಕ್ಕದಲ್ಲಿ ಅಡ್ವಾನ್ಸ್ ಒಂದಕ್ಕೇ 24 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಬಂದ್ರೂ ಅರ್ಧ ಎಕರೆಗಿಂತ ಜಾಸ್ತಿ ಬೆಳೆ ಒಂದು ರೂಮಿಗೆ ಹೋಯ್ತು.

ಕಬ್ಬಿನ ದುಡ್ಡು ಕೈಲಿಲ್ಲದವರು ಕೈಸಾಲಕ್ಕೆ ಹೋಗ್ತಾರೆ. 80 ಸಾವಿರಕ್ಕೆ ನೂರಕ್ಕೆ 3 ರೂಪಾಯಿ ಬಡ್ಡಿ ಅಂದ್ರೆ ತಿಂಗಳಿಗೆ 2,400. ಅಲ್ಲಿಗೆ ಬಾಡಿಗೆ 8 ಸಾವಿರ ಅಲ್ಲ, 10,400. ಹನ್ನೊಂದು ತಿಂಗಳಿದ್ದು ಖಾಲಿ ಮಾಡಿದ್ರೆ ಬಡ್ಡಿ 26,400. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ್ರೆ ಮತ್ತೆ 8 ಸಾವಿರ. ಬಾಡಿಗೆ ಬಿಟ್ಟು 34,400 ರೂಪಾಯಿ ಹೋಯ್ತು. ಬ್ರೋಕರ್ ದುಡ್ಡು ಬೇರೆ.

ಕಾನೂನು ಎಲ್ಲಿದೆ?

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ವಾಸದ ಮನೆಗೆ 2 ತಿಂಗಳಿಗಿಂತ, ಅಂಗಡಿ ಮಳಿಗೆಗೆ 6 ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಆದ್ರೆ ಇದು ಬರೀ ಮಾದರಿ. ರಾಜ್ಯ ಕಾಯ್ದೆ ಮಾಡಿಕೊಂಡ್ರೆ ಮಾತ್ರ ಜಾರಿ. ಜಾರಿಯಾದ್ರೆ ಮೇಲಿನ 80 ಸಾವಿರ 16 ಸಾವಿರಕ್ಕೆ ಇಳಿಯುತ್ತೆ. ಮದ್ದೂರು ಪೇಟೆಯಲ್ಲಿ ಮಳಿಗೆ ಹಿಡಿಯೋ ವ್ಯಾಪಾರಿಗೂ ಇದು ಸಂಬಂಧಪಟ್ಟ ವಿಷಯವೇ.

ನಮ್ಮಲ್ಲಿರೋದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಅದರ ವ್ಯಾಪ್ತಿಯಿಂದ ಹೊರಗೆ. ಇವತ್ತು ಆ ರೇಟಿಗೆ ರೂಮು ಎಲ್ಲಿ ಸಿಗುತ್ತೆ? ಹಾಗಾಗಿ ಬಹುತೇಕ ಬಾಡಿಗೆದಾರರಿಗೆ ಕೈಲಿರೋ ಕರಾರು ಪತ್ರವೇ ಕಾನೂನು. ಅದೂ 11 ತಿಂಗಳಿಗೇ ಯಾಕೆ ಅಂದ್ರೆ, ಒಂದು ವರ್ಷ ಮೀರಿದ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು.

‘ಯಾವೂರು, ಏನ್ ಜನ?’

ದುಡ್ಡು ಹೊಂದಿಸಿದ್ರೂ ಮುಗಿಯಲ್ಲ. ಬಾಗಿಲಲ್ಲೇ ಬರೋ ಪ್ರಶ್ನೆ ‘ಯಾವೂರಪ್ಪ, ಏನ್ ಜನ ನೀವು?’. ಆಮೇಲೆ ‘ಮಾಂಸ ಮಾಡ್ತೀರಾ? ಮದುವೆ ಆಗಿದೆಯಾ?’. ರಸ್ತೆಯಲ್ಲಿ ಎಲ್ಲಾ ಜಾತಿ, ಧರ್ಮ, ಭಾಷೆಯವರು ಇದ್ದಾರೆ ಅಂದ ಮಾತ್ರಕ್ಕೆ ಎಲ್ಲಾ ಮನೆ ಬಾಗಿಲು ಎಲ್ಲರಿಗೂ ತೆರೆದಿರಲ್ಲ. ಹೆಸರು ಕೇಳಿದ ಮೇಲೆ ‘ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ವಿ’ ಅನ್ನೋ ಉತ್ತರ ಕೆಲವರಿಗೆ ಪದೇ ಪದೇ ಸಿಗುತ್ತೆ. ನಮ್ಮ ಊರಲ್ಲಿ ಬೇರೆಯವರಿಗೆ ಮನೆ ಕೊಡುವಾಗ ನಾವೇನು ಕೇಳ್ತೀವಿ ಅನ್ನೋದನ್ನೂ ಇಲ್ಲಿ ನೆನಪು ಮಾಡಿಕೊಳ್ಳಬೇಕು.

ಓಡಾಡೋದೇ ವಾಸಿನಾ?

2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. ಅದೇ ವರ್ಷದ ಆಗಸ್ಟ್‌ನಿಂದ ಬೈಕಿಗೆ ಅದರ ಮುಖ್ಯ ರಸ್ತೆ ಬಂದ್. 2023ರ ಅಕ್ಟೋಬರ್‌ನಿಂದ ಮೆಟ್ರೋ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಓಡ್ತಿದೆ. ಮದ್ದೂರಿನಲ್ಲಿ ರೈಲು ಹತ್ತಿ ಕೆಂಗೇರಿಯಲ್ಲಿ ಮೆಟ್ರೋಗೆ ಬದಲಾಯಿಸಿ ದಿನಾ ಓಡಾಡೋರು ಇದ್ದಾರೆ. ಶಿಫ್ಟ್ ಕೆಲಸದವರಿಗೆ ಮಾತ್ರ ಇದು ಆಗದ ಮಾತು. ರಾತ್ರಿ ಊರು ಸೇರಿದ್ರೂ ಮದ್ದೂರಿನಿಂದ ಹಳ್ಳಿಗೆ ಬಸ್ಸಿರಲ್ಲ.

ರೂಮು ಹಿಡಿಯೋ ಮುಂಚೆ

ಅಡ್ವಾನ್ಸ್ ಬ್ಯಾಂಕ್ ಖಾತೆಗೇ ಹಾಕಿ, ಕೈಗೆ ಕೊಡಬೇಡಿ. ಪೇಂಟಿಂಗ್‌ಗೆ ಎಷ್ಟು, ಎಷ್ಟು ದಿನ ಮುಂಚೆ ಹೇಳಬೇಕು, ಖಾಲಿ ಮಾಡಿದ ಎಷ್ಟು ದಿನಕ್ಕೆ ದುಡ್ಡು ವಾಪಸ್, ಮೂರನ್ನೂ ಕರಾರಿನಲ್ಲಿ ಬರೆಸಿ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಬಾಗಿಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ರೂಮಿಗೆ ಬೇರೆ ಮೀಟರ್ ಇದೆಯಾ ನೋಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದ್ರೆ ಆರ್‌ಆರ್ ನಂಬರ್ ಬೇಕು. ವಠಾರಕ್ಕೆಲ್ಲ ಒಂದೇ ಮೀಟರ್ ಇಟ್ಟು ಒಳಗೆ ಸಬ್ ಮೀಟರ್ ಹಾಕಿದ್ರೆ ರೂಮಿನವರ ಹೆಸರಿಗೆ ಉಚಿತ ಕರೆಂಟ್ ಸಿಗಲ್ಲ.

ಪ್ರತಿ ಚುನಾವಣೆಯಲ್ಲೂ ಕಬ್ಬಿನ ರೇಟಿನ ಬಗ್ಗೆ ಭಾಷಣ ಆಗುತ್ತೆ. ಆ ಕಬ್ಬಿನ ದುಡ್ಡು ವರ್ಷಗಟ್ಟಲೆ ಬೆಂಗಳೂರಿನ ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಕೂತಿರೋ ಬಗ್ಗೆ ಯಾರೂ ಮಾತಾಡಲ್ಲ. ಅಡ್ವಾನ್ಸ್‌ಗೆ ಮಿತಿ ಹಾಕೋ ಕಾಯ್ದೆ ಯಾವಾಗ ತರ್ತೀರಿ ಅಂತ ಮುಂದಿನ ಸಲ ಊರಿಗೆ ಬರೋ ಶಾಸಕರನ್ನ ಕೇಳೋ ಹಕ್ಕು ಆತಗೂರಿನವರಿಗೂ ಇದೆ.