ಹೆಣಾ ಇಡೋ ಪೆಟ್ಟಿಗಿ ಅಂದವ್ರಿಗೆ

ಹೋದ ಅಮಾಸಿ ದಿನ ದೊಡ್ಡವ್ವನ ಮನ್ಯಾಗ ಹೋಳಿಗಿ ಲಟ್ಟಸಕೋತ ಕುಂತಾಗ ನಮ್ಮ ಮುಂಬೈ ಸುದ್ದಿ ಬಂತು. ನಾನೂ ತಂಗಿನೂ ಪಾಡ್ ಹೋಟೆಲ್‌ನ್ಯಾಗ ಮಲಗಿ ಬಂದ ಫೋಟೋ ನೋಡಿ ನೆಗೆಣ್ಣಿ, "ಅಯ್ಯ, ಹೆಣಾ ಇಡೋ ಪೆಟ್ಟಿಗಿ ಇದ್ದಂಗ ಐತಲ್ಲಬೇ" ಅಂದ್ಲು. ಎಲ್ಲಾರೂ ನಕ್ರಿ. "ಬೀಗರ ಮನಿ ಇರೂ ಮುಂದ ಇದ್ಯಾಕ ಬೇಕಿತ್ತು?" ಅಂತ ದೊಡ್ಡವ್ವ. ಅವತ್ತ ಸುಮ್ಮನಿದ್ದೆ. ಇವತ್ತ ಇರಂಗಿಲ್ಲ.

ತಂಗಿನ ಮೊದಲನೇ ಸಲ ದವಾಖಾನಿಗೆ ಕರಕೊಂಡು ಹೋದಾಗ ಬೀಗರ ಮನ್ಯಾಗನ ಇಳದಿದ್ವಿ. ಅವರು ಒಳ್ಳೇ ಮಂದಿ, ಅವರ ಮ್ಯಾಲೆ ನನ್ನ ದೂರಿಲ್ಲ. ಆದ್ರ ಒಂದ ಖೋಲಿ, ಐದು ಜನ, ಮ್ಯಾಲೆ ನಾವಿಬ್ಬರು. ನಾನು ರೊಟ್ಟಿ ಬಡದೆ, ಆಕಿ ಆ ಸಂಕಟದಾಗೂ ಭಾಂಡಿ ತಿಕ್ಕಿದ್ಲು. ತಿಕ್ಕು ಅಂತ ಯಾರೂ ಹೇಳಲಿಲ್ಲ. ಇನ್ನೊಬ್ಬರ ಮನ್ಯಾಗ ಉಂಡ ಹೆಣಮಗಳಿಗೆ ಯಾರರ ಹೇಳಬೇಕೇನು? ರಾತ್ರಿ ಹನ್ನೊಂದರ ತನಕ ಬಂದವರೆಲ್ಲಾ "ಡಾಕ್ಟರು ಏನಂದ್ರು?" ಅಂತ ಕೇಳವರ.

ಎರಡನೇ ಸಲ ಒಂದು ಲಾಡ್ಜಿಗೆ ಹೋದ್ವಿ. ಕೌಂಟರಿನಾಂವ ಆಧಾರ್ ಕಾರ್ಡ್ ಹಿಂದ ಮುಂದ ಮಾಡಿ, "ಜೋಡಿ ಗಂಡಸರು ಯಾರದಾರ?" ಅಂದ. ಯಾರಿಲ್ಲ ಅಂದ ಕೂಡ್ಲೇ ರೂಮೂ ಇಲ್ಲದಂಗಾತು.

ಮೂರನೇ ಸಲ ದಾದರಿನ್ಯಾಗ ರೈಲು ಇಳದು ಲೋಕಲ್ ಹಿಡದು ಮುಂಬೈ ಸೆಂಟ್ರಲ್‌ಗೆ ಹೋದ್ವಿ. ಸ್ಟೇಷನ್ನಿನ್ಯಾಗನ ಪಾಡ್ ಹೋಟೆಲ್ ಐತಿ. ರೈಲ್ವೆಯ ಐಆರ್‌ಸಿಟಿಸಿ 2021ರ ನವೆಂಬರ್‌ದಾಗ ಸುರು ಮಾಡಿದ್ದು. ಒಂದರ ಮ್ಯಾಲೊಂದು ಗೂಡು. ಒಳಗ ಲೈಟು, ಎ.ಸಿ., ಫೋನ್ ಚಾರ್ಜ್ ಮಾಡಾಕ ಜಾಗ. ಸಾಮಾನಿಗೆ ಲಾಕರ್ ಬ್ಯಾರೆ, ಬಚ್ಚಲ ಎಲ್ಲಾರಿಗೂ ಸೇರಿ. ತಂಗಿ ಕೆಳಗಿಂದ್ರಾಗ ಹೊಕ್ಕು ಮುಚ್ಚಿಕೊಂಡ್ಲು. ಒಂದೀಟ ಹೊತ್ತು ಅಳೂ ಸಪ್ಪಳ ಕೇಳಸ್ತು. ನಾನು ಮಾತಾಡಸಲಿಲ್ಲ. ಆಮ್ಯಾಲೆ ಮುಂಜಾನಿ ತನಕ ಮಲಗಿದ್ಲು. ಎದ್ದ ಮ್ಯಾಲೆ, "ಅಕ್ಕಾ, ಎರಡು ತಿಂಗಳಾತು, ಯಾರರ ನೋಡ್ಯಾರು ಅನ್ನೂ ಅಂಜಿಕಿಲ್ಲದ ಅತ್ತಿರಲಿಲ್ಲ" ಅಂದ್ಲು. ಆ ಪೆಟ್ಟಿಗಿಗೆ ನೀವು ನಕ್ಕಿದ್ದು.

ಹಂಗಂತ ನಾನು ಆ ಹೋಟೆಲ್ಲಿನ ಜಾಹೀರಾತ ಬರಿಯಾಕ ಕುಂತಿಲ್ಲ. ಸುರುವಿಗೆ ಇಟ್ಟ ದರ ಹನ್ನೆರಡು ತಾಸಿಗೆ 999 ರೂಪಾಯಿ, ದಿನಕ್ಕ 1,999. ನಮ್ಮಂಥ ಇಬ್ಬರಿಗೆ ಒಂದು ರಾತ್ರಿಗೇ ಹತ್ತಹತ್ತರ ಎರಡು ಸಾವಿರ! ಅಗ್ಗದ್ದು ಅನ್ನವರಿಗೆ ತಡಸದ ಸಂತ್ಯಾಗ ಒಂದು ದಿನ ಕಾಯಿಪಲ್ಲೆ ಮಾರಾಕ ಹಚ್ಚಬೇಕು. ಅದಕ್ಕಿಂತ ಸಿಟ್ಟು ಬರೂದು ಈ ಲೆಕ್ಕಕ್ಕ: 48 ಗೂಡಿನ್ಯಾಗ ಹೆಣಮಕ್ಕಳಿಗಂತ ಇಟ್ಟಿದ್ದು 7. ಜಪಾನಿನ ಒಸಾಕಾದಾಗ 1979ರಾಗ ಜಗತ್ತಿನ ಮೊದಲನೇ ಇಂಥ ಹೋಟೆಲ್ ತೆರೆದಾಗ ಅದು ಗಂಡಸರಿಗಷ್ಟ ಇತ್ತಂತ. ಗಂಡಸರಿಗೆ ಬಸ್ ಸ್ಟ್ಯಾಂಡಿನ ಕಟ್ಟೀನೂ ನಡೀತೈತಿ, ಟಾವೆಲ್ ಹಾಸಿ ಮಲಗತಾರ. ಬಾಗಲಾ ಬೇಕಾಗೂದು ಯಾರಿಗೆ?

ಹುಬ್ಬಳ್ಳಿ ಸ್ಟೇಷನ್ನಿನ್ಯಾಗ 1,507 ಮೀಟರ್ ಪ್ಲಾಟ್‌ಫಾರ್ಮ್ ಕಟ್ಟಿ, ಜಗತ್ತಿನ್ಯಾಗನ ಉದ್ದಂದು ಅಂತ 2023ರಾಗ ಉದ್ಘಾಟನೆ ಮಾಡಿದ್ರು. ಚಲೋ ಆತು, ಬ್ಯಾಗ ಹೊತ್ತು ನಡದು ನಡದು ಕಾಲು ಬರತಾವು. ಅದರ ಬಾಜೂಕ ಹೆಣಮಕ್ಕಳಿಗಂತ ನಲವತ್ತು ಗೂಡು, ರಾತ್ರಿಗೆ ಮುನ್ನೂರು ರೂಪಾಯಿಗೆ, ಕೇಳಿದ್ರ ತಪ್ಪೇನು? ಕಿಮ್ಸಿಗೆ ಬರವರು, ಪರೀಕ್ಷಾ ಬರಿಯಾಕ ಹೋಗೋ ಹುಡುಗ್ಯಾರು ನಮ್ಮ ಓಣ್ಯಾಗನ ಎಷ್ಟ ಮಂದಿ ಅದಾರ, ಎಣಸರಿ.

ಮುಂದಿನ ತಿಂಗಳ ತಂಗಿನ ಮತ್ತ ಕರಕೊಂಡು ಹೋಗೂದೈತಿ. ದೊಡ್ಡವ್ವಾ, ನೀನೂ ಬರತೀಯೇನು? ನಿನ್ನ ಮಣಕಾಲಿಗೆ ನಿಚ್ಚಣಿಕಿ ಆಗಂಗಿಲ್ಲ, ಕೆಳಗಿಂದು ನಿನಗ ಬಿಡತೀನಿ. ರೊಟ್ಟಿ ಮಾತ್ರ ಮನಿಯಿಂದ ಕಟಗೊಂಡು ಬಾ.